ಫಾಂಟೆನ್‌ಬ್ಲೋ ಅರಮನೆಗೆ ಕಡಿಮೆ ಖರ್ಚಿನಲ್ಲಿ ಹೋಗಿಬರುವುದು ಹೇಗೆ?

ಪ್ಯಾರಿಸ್‌ಗೆ ಬರುವ ನಮ್ಮ ನೆಂಟರಿಷ್ಟರಿಗೆ ಅರಮನೆ ಎಂದರೆ ವರ್ಸೈ. ಇಲ್ಲವೇ ‘ಒಂದೇ ದಿನದಲ್ಲಿ ಮೂರು ಅರಮನೆ’ ಎಂದು ಕರೆದೊಯ್ಯುವ ಟೂರಿಸ್ಟ್ ಬಸ್ಸು. ಆ ಬಸ್ಸಿನ ದುಡ್ಡು ದಂಡ. ಅರ್ಧ ದಿನ ಹೆದ್ದಾರಿಯಲ್ಲೇ ಕಳೆದುಹೋಗುತ್ತದೆ. ದುಡ್ಡೂ ಉಳಿಯಬೇಕು, ಕಣ್ತುಂಬ ನೋಡಲೂಬೇಕು ಎಂದರೆ ನಾನು ಹೇಳುವುದು ಫಾಂಟೆನ್‌ಬ್ಲೋ. 12ನೇ ಶತಮಾನದಿಂದ ಮೂರನೇ ನೆಪೋಲಿಯನ್ ತನಕ ಫ್ರಾನ್ಸಿನ ದೊರೆಗಳು ಬಂದು ತಂಗುತ್ತಿದ್ದ ಅರಮನೆ ಇದು. ಇದರ ಉದ್ಯಾನಗಳಿಗೆ ಪ್ರವೇಶ ಉಚಿತ.

ಮೊದಲು ದಿನ ಗೊತ್ತುಮಾಡಿ. ಮಂಗಳವಾರ ಬೇಡವೇ ಬೇಡ. ಲೂವ್ರ್ ಮ್ಯೂಸಿಯಂಗೆ ಮಂಗಳವಾರ ರಜೆ, ಹಾಗಾಗಿ ‘ಅವತ್ತು ಅರಮನೆಗೆ ಹೋಗೋಣ’ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಫಾಂಟೆನ್‌ಬ್ಲೋಗೂ ಅದೇ ದಿನ ರಜೆ. ಜುಲೈ, ಆಗಸ್ಟ್ ಬಿಟ್ಟು ಉಳಿದ ತಿಂಗಳುಗಳ ಮೊದಲ ಭಾನುವಾರ ಅರಮನೆಯ ಒಳಗೂ ಟಿಕೆಟ್ ಇಲ್ಲ. 18 ವರ್ಷದೊಳಗಿನ ಮಕ್ಕಳಿಗೆ ಯಾವಾಗಲೂ ಉಚಿತ. ಫ್ರಾನ್ಸಿನಲ್ಲಿ ಓದುತ್ತಿರುವ, 26 ತುಂಬದ ನಮ್ಮ ವಿದ್ಯಾರ್ಥಿಗಳಿಗೂ ಉಚಿತ. ಅವರು ವಾಸದ ಪರವಾನಗಿ ಜೊತೆಯಲ್ಲಿ ಇಟ್ಟುಕೊಂಡಿರಬೇಕು.

ಇನ್ನು ರೈಲು. ಜನ ಎಡವುವುದು ಇಲ್ಲೇ, ಆದ್ದರಿಂದ ಬಿಡಿಸಿ ಹೇಳುತ್ತೇನೆ. 2025ರ ಜನವರಿಯಲ್ಲಿ ಪ್ಯಾರಿಸ್ ಪ್ರಾಂತ್ಯದ ಮೆಟ್ರೊ ಮತ್ತು ರೈಲಿಗೆಲ್ಲ ಒಂದೇ ಟಿಕೆಟ್ ಬಂತು. ಆಗ ಅದರ ದರ 2.50 ಯೂರೊ. ಆ ಒಂದೇ ಟಿಕೆಟಿನಲ್ಲಿ ಸುಮಾರು 60 ಕಿಲೋಮೀಟರ್ ದೂರದ ಫಾಂಟೆನ್‌ಬ್ಲೋ ತನಕ ಹೋಗಬಹುದು. ಮೆಟ್ರೊದಲ್ಲಿ ಗಾರ್ ದ ಲಿಯೋಂ ನಿಲ್ದಾಣಕ್ಕೆ ಬಂದವರು ಅಲ್ಲಿ ಇನ್ನೊಂದು ಟಿಕೆಟ್ ಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬೇಕಿಲ್ಲ. ಎರಡು ಗಂಟೆಯೊಳಗಾದರೆ ಅದೇ ಟಿಕೆಟ್ ರೈಲಿಗೂ ನಡೆಯುತ್ತದೆ. ಆದರೆ ಟಿಕೆಟ್ ಹಾಕಿಸಿಕೊಳ್ಳುವ ನಾವಿಗೊ ಕಾರ್ಡ್ ಮಾತ್ರ ತಲೆಗೊಂದು ಬೇಕು. ಒಂದೇ ಕಾರ್ಡನ್ನು ಇಬ್ಬರು ತೋರಿಸಿದರೆ ದಂಡ ಕಟ್ಟಬೇಕಾಗುತ್ತದೆ.

ಮೆಟ್ರೊ ಇಳಿದವರು ನೆಲದಡಿಯ ‘ಡಿ’ ರೈಲಿನ ಕಡೆ ನಡೆಯಬೇಡಿ. ಅದು ಊರೂರಿಗೆ ನಿಂತು ಮೆಲಂವರೆಗೆ ಹೋಗುತ್ತದೆ, ಫಾಂಟೆನ್‌ಬ್ಲೋಗೆ ಹೋಗುವುದಿಲ್ಲ. ನಿಮಗೆ ಬೇಕಾದದ್ದು ‘ಆರ್’ ಮಾರ್ಗ. ಮೆಟ್ಟಿಲು ಹತ್ತಿ ದೂರದೂರಿನ ರೈಲುಗಳು ನಿಲ್ಲುವ ದೊಡ್ಡ ಹಾಲ್‌ಗೆ ಬನ್ನಿ. ಫಲಕದಲ್ಲಿ ಕೊನೆಯ ನಿಲ್ದಾಣದ ಹೆಸರು ಮೊಂತಾರ್ಜಿ ಅಥವಾ ಮೊಂತರೋ ಎಂದಿರುತ್ತದೆ, ಫಾಂಟೆನ್‌ಬ್ಲೋ ಹೆಸರು ಮೇಲ್ಗಡೆ ಕಾಣುವುದಿಲ್ಲ. ನಡುವಿನ ನಿಲ್ದಾಣಗಳ ಪಟ್ಟಿಯಲ್ಲಿ ‘ಫಾಂಟೆನ್‌ಬ್ಲೋ-ಆವೋನ್’ ಇದೆಯೇ ನೋಡಿಯೇ ಹತ್ತಿ. ಮೆಲಂನಲ್ಲಿ ಹಳಿ ಎರಡಾಗಿ ಕವಲೊಡೆಯುತ್ತದೆ, ಎರಿಸಿ ಎಂಬ ಊರಿನ ಮೇಲಿಂದ ಮೊಂತರೋಗೆ ಹೋಗುವ ರೈಲು ಈ ನಿಲ್ದಾಣ ಮುಟ್ಟುವುದೇ ಇಲ್ಲ. ಸರಿಯಾದ ರೈಲಾದರೆ 40 ನಿಮಿಷದ ದಾರಿ.

ನಿಲ್ದಾಣದಿಂದ ಅರಮನೆಗೆ ಬಸ್ಸಿದೆ, ಆದರೆ ರೈಲಿನ ಟಿಕೆಟ್ ಅದಕ್ಕೆ ನಡೆಯದು. ಮಂಡಿನೋವು ಇಲ್ಲದವರು ನಡೆದೇ ಹೋಗಬೇಕು. ಸುಮಾರು ಮುಕ್ಕಾಲು ಗಂಟೆ. ಆವೋನ್ ಕಡೆಯಿಂದ ಪಾರ್ಕಿಗೆ ಹೊಕ್ಕರೆ ನಾಲ್ಕನೇ ಹೆನ್ರಿ ತೋಡಿಸಿದ, 1.2 ಕಿಲೋಮೀಟರ್ ಉದ್ದದ ಕಾಲುವೆ ಸಿಗುತ್ತದೆ. ಅದರ ದಂಡೆ ಹಿಡಿದು ಹೋಗುತ್ತಾ ಹೋಗುತ್ತಾ ಅರಮನೆ ಎದುರಾಗುತ್ತದೆ. ಬಸ್ಸಿನಲ್ಲಿ ಬಂದವರಿಗೆ ಈ ನೋಟ ಇಲ್ಲ.

ಟಿಕೆಟನ್ನು ಅರಮನೆಯದೇ ವೆಬ್‌ಸೈಟಿನಲ್ಲಿ ಕೊಳ್ಳಿ. ‘ಸಾಲು ನಿಲ್ಲಬೇಕಿಲ್ಲ’ ಎಂದು ಮಧ್ಯವರ್ತಿಗಳು ಹೆಚ್ಚಿನ ಬೆಲೆಗೆ ಮಾರುವ ಟಿಕೆಟಿನ ಅಗತ್ಯವಿಲ್ಲ, ಇಲ್ಲಿ ವರ್ಸೈನಷ್ಟು ಉದ್ದದ ಸಾಲೇ ಇರುವುದಿಲ್ಲ. ಒಳಗೆ ಒಂದನೇ ಫ್ರಾನ್ಸ್ವಾ ಕಟ್ಟಿಸಿದ ಗ್ಯಾಲರಿಗೆ ಅರ್ಧ ಗಂಟೆಯಾದರೂ ಕೊಡಿ. 1530ರ ದಶಕದಲ್ಲಿ ಇಟಲಿಯ ರೊಸ್ಸೊ ಫಿಯೊರೆಂತಿನೊ ಮತ್ತು ಅವನ ತಂಡದವರು ಮಾಡಿದ ಗಾರೆ ಕೆಲಸ, ಭಿತ್ತಿಚಿತ್ರ ಅಲ್ಲಿವೆ. ನೆಪೋಲಿಯನ್ನನ ಸಿಂಹಾಸನದ ಕೋಣೆಯನ್ನೂ ಬಿಡಬೇಡಿ. ಹೊರಗೆ ಕುದುರೆ ಲಾಳದಾಕಾರದ ಮೆಟ್ಟಿಲಿದೆ. 1814ರ ಏಪ್ರಿಲ್ 20ರಂದು ಅವನು ತನ್ನ ಕಾವಲುಪಡೆಗೆ ವಿದಾಯ ಹೇಳಿದ್ದು ಆ ಅಂಗಳದಲ್ಲೇ.

ಬುತ್ತಿ ಕಟ್ಟಿಕೊಂಡು ಹೋಗಿ, ಪಾರ್ಕಿನಲ್ಲಿ ಕೂತು ತಿನ್ನಿ. ವಾಪಸ್ ಟಿಕೆಟನ್ನು ಬೆಳಿಗ್ಗೆಯೇ ಕಾರ್ಡಿಗೆ ಹಾಕಿಸಿಕೊಂಡಿದ್ದರೆ ಸಂಜೆ ನಿಲ್ದಾಣದ ಯಂತ್ರದ ಮುಂದೆ ಕಾಯಬೇಕಿಲ್ಲ. ಆ ಹೊತ್ತನ್ನು ಅರಮನೆಯ ಮಗ್ಗುಲಲ್ಲೇ ಇರುವ ಮೀನಿನ ಕೆರೆಯ ದಂಡೆಯಲ್ಲಿ ಕಳೆಯಬಹುದು.