ತಂತಿಯ ಹೆಡ್‌ಫೋನಿಗೆ ಬ್ಲೂಟೂತ್ ಕೊಂಡಿ: ಪುಟ್ಟ ರಿಸೀವರ್-ಆಂಪ್ಲಿಫೈಯರ್ ಬಳಸುವುದು ಹೇಗೆ?

ಫೋನುಗಳಿಂದ 3.5 ಮಿ.ಮೀ. ಜ್ಯಾಕ್ ಒಂದೊಂದಾಗಿ ಮರೆಯಾಗುತ್ತಿದೆ. ಹಾಗೆಂದು ಕಪಾಟಿನಲ್ಲಿರುವ ಒಳ್ಳೆಯ ತಂತಿಯ ಹೆಡ್‌ಫೋನನ್ನು ಮೂಲೆಗೆ ಹಾಕಬೇಕಿಲ್ಲ. ಬೆಂಕಿಪೊಟ್ಟಣದಷ್ಟಿರುವ ಬ್ಲೂಟೂತ್ ರಿಸೀವರ್ ಅದಕ್ಕೆ ಹೊಸ ಜೀವ ಕೊಡುತ್ತದೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಈ ಪೆಟ್ಟಿಗೆಯೊಳಗೆ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಫೋನಿನಿಂದ ಬರುವ ಅಂಕಿಗಳನ್ನು ಹಿಡಿಯುವ ಬ್ಲೂಟೂತ್ ಚಿಪ್, ಆ ಅಂಕಿಗಳನ್ನು ವಿದ್ಯುತ್ ಅಲೆಯಾಗಿಸುವ ಡ್ಯಾಕ್, ಆ ಅಲೆಗೆ ಹೆಡ್‌ಫೋನ್ ನಡೆಸುವಷ್ಟು ಬಲ ಕೊಡುವ ಆಂಪ್ಲಿಫೈಯರ್ ಮತ್ತು ಇಷ್ಟನ್ನೂ ನಡೆಸುವ ಲಿಥಿಯಂ ಬ್ಯಾಟರಿ.

ಸದ್ದು ಕೆಟ್ಟಾಗ ಈ ನಾಲ್ಕರಲ್ಲಿ ಯಾವುದು ಕೈಕೊಟ್ಟಿದೆ ಎಂದು ತಿಳಿಯದೆ ಜನ ಪೇಚಾಡುತ್ತಾರೆ. ಅದನ್ನು ತಪ್ಪಿಸಲು ಸುಲಭದ ದಾರಿಯೊಂದಿದೆ: ಮೊದಲ ದಿನ ಬ್ಲೂಟೂತನ್ನು ಮುಟ್ಟಲೇಬೇಡಿ. ಯುಎಸ್‌ಬಿ ತಂತಿಯಲ್ಲಿ ಕೇಳಿ, ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ತಂತಿ ಕಳಚಿ.

ಚಾರ್ಜ್ ಮಾಡುವಾಗ

ಪೆಟ್ಟಿಗೆಯಿಂದ ತೆಗೆದ ಕೂಡಲೇ ಪೂರ್ತಿ ಚಾರ್ಜ್ ಮಾಡಿ. 5 ವೋಲ್ಟ್‌ನ ಸಾಮಾನ್ಯ ಚಾರ್ಜರ್ ಸಾಕು. ಇಷ್ಟು ಚಿಕ್ಕ ಬ್ಯಾಟರಿಗೆ ವೇಗದ ಚಾರ್ಜರ್‌ನಿಂದ ಲಾಭವಿಲ್ಲ. ಎರಡೂ ತುದಿಯಲ್ಲಿ ಟೈಪ್-ಸಿ ಇರುವ ತಂತಿ ಹಾಕಿದಾಗ ದೀಪವೇ ಹೊತ್ತದಿದ್ದರೆ ಉಪಕರಣ ಸತ್ತಿದೆ ಎಂದುಕೊಳ್ಳಬೇಡಿ. 'ನನಗೆ ವಿದ್ಯುತ್ ಬೇಕು' ಎಂದು ಟೈಪ್-ಸಿ ಚಾರ್ಜರ್‌ಗೆ ತಿಳಿಸಲು ಉಪಕರಣದ ಒಳಗೆ 5.1 ಕಿಲೋಓಮ್‌ನ ರೆಸಿಸ್ಟರ್‌ಗಳಿರಬೇಕು. ಕೆಲವು ತಯಾರಕರು ಅದನ್ನು ಹಾಕಿರುವುದಿಲ್ಲ. ಒಂದು ತುದಿ ಚಪ್ಪಟೆ ಯುಎಸ್‌ಬಿ-ಎ, ಇನ್ನೊಂದು ತುದಿ ಟೈಪ್-ಸಿ ಇರುವ ಹಳೆಯ ಬಗೆಯ ತಂತಿ ಹಾಕಿದರೆ ಚಾರ್ಜ್ ಆಗುತ್ತದೆ.

ಪಿನ್ ಚುಚ್ಚುವುದರಲ್ಲೂ ಕ್ರಮವಿದೆ

ಈ ರಿಸೀವರ್‌ಗಳಲ್ಲಿ ಮೂರು ಬಗೆಯ ತೂತುಗಳು ಕಾಣಸಿಗುತ್ತವೆ. ಎಲ್ಲರಿಗೂ ಗೊತ್ತಿರುವ 3.5 ಮಿ.ಮೀ. ಒಂದು. ತೆಳ್ಳಗಿನ 2.5 ಮಿ.ಮೀ. ಮತ್ತು ದಪ್ಪಗಿನ 4.4 ಮಿ.ಮೀ. ತೂತುಗಳು 'ಬ್ಯಾಲೆನ್ಸ್ಡ್' ಬಗೆಯವು. ಮಾಮೂಲಿ 3.5ರಲ್ಲಿ ಎಡಕಿವಿ, ಬಲಕಿವಿ ಎರಡಕ್ಕೂ ಹಿಂದಿರುಗುವ ತಂತಿ ಒಂದೇ, ಅದೇ ಗ್ರೌಂಡ್. ಬ್ಯಾಲೆನ್ಸ್ಡ್‌ನಲ್ಲಿ ಎರಡು ಕಿವಿಗೂ ಬೇರೆ ಬೇರೆ ಜೋಡಿ ತಂತಿಗಳು, ಎರಡನ್ನೂ ಎರಡೂ ಕಡೆಯಿಂದ ಆಂಪ್ಲಿಫೈಯರ್ ತಳ್ಳುತ್ತದೆ. ಹೀಗಾಗಿ ಸಿಗುವ ಬಲ ಹೆಚ್ಚು.

ಇಲ್ಲೊಂದು ಎಚ್ಚರಿಕೆಯನ್ನು ಮರೆಯಲೇಬಾರದು. ಮಾಮೂಲಿ 3.5 ಪಿನ್ನಿನ ಹೆಡ್‌ಫೋನನ್ನು ಅಡಾಪ್ಟರ್ ಹಾಕಿ 4.4 ಅಥವಾ 2.5ರ ತೂತಿಗೆ ಚುಚ್ಚಬೇಡಿ. ಎಡ, ಬಲದ ಹಿಂದಿರುಗುವ ತಂತಿಗಳು ಆ ಪಿನ್ನಿನಲ್ಲಿ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಆಂಪ್ಲಿಫೈಯರ್‌ನ ಎರಡು ಔಟ್‌ಪುಟ್‌ಗಳು ಶಾರ್ಟ್ ಆಗುತ್ತವೆ, ಚಿಪ್ ಸುಟ್ಟುಹೋಗಬಹುದು. ಇದರ ತಿರುಗುಮುರುಗು, ಎಂದರೆ 4.4ರ ಪಿನ್ನಿಗೆ ಅಡಾಪ್ಟರ್ ಹಾಕಿ 3.5ಕ್ಕೆ ಚುಚ್ಚುವುದು, ನಿರಪಾಯ.

ಪಿನ್ 'ಟಿಕ್' ಎಂದು ಕೂರುವವರೆಗೆ ಒತ್ತಿ. ಪೂರ್ತಿ ಕೂರದಿದ್ದರೆ ವಿಚಿತ್ರವಾದ ಅನುಭವವಾಗುತ್ತದೆ: ತಬಲಾ, ಪಿಟೀಲು, ಕೋಣೆಯ ಮಾರ್ದನಿ ಎಲ್ಲ ಕೇಳುತ್ತದೆ, ಹಾಡುವವರ ದನಿ ಮಾತ್ರ ಬಾವಿಯೊಳಗಿಂದ ಬಂದಂತೆ, ಕೆಲವೊಮ್ಮೆ ಇಲ್ಲವೇ ಇಲ್ಲ! ಗ್ರೌಂಡ್ ತಾಗದಿದ್ದಾಗ ಎಡ ಮತ್ತು ಬಲದ ನಡುವಿನ ವ್ಯತ್ಯಾಸವಷ್ಟೇ ಕಿವಿಗೆ ತಲುಪುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎರಡೂ ಕಡೆ ಸಮವಾಗಿ ಮುದ್ರಿಸಿರುತ್ತಾರೆ, ಹಾಗಾಗಿ ಅದು ಕಳೆದುಹೋಗುತ್ತದೆ. ಫೋನಿನ ಕವರಿನಂತೆ ರಿಸೀವರ್‌ಗೂ ದಪ್ಪ ಚೀಲ ಹಾಕಿದ್ದರೆ ಅದರ ಅಂಚೇ ಪಿನ್ನನ್ನು ತಡೆಯುತ್ತಿರಬಹುದು, ತೆಗೆದು ನೋಡಿ.

ಮೊದಲು ತಂತಿಯಲ್ಲಿ ಕೇಳಿ

ರಿಸೀವರ್‌ನಲ್ಲಿ ಯುಎಸ್‌ಬಿ ಡ್ಯಾಕ್ ಸೌಲಭ್ಯವಿದ್ದರೆ ಅದನ್ನು ಲ್ಯಾಪ್‌ಟಾಪಿಗೆ ಅಥವಾ ಫೋನಿಗೆ ಯುಎಸ್‌ಬಿ ತಂತಿಯಲ್ಲಿ ಜೋಡಿಸಿ. ಕೆಲವು ತಂತಿಗಳು ಚಾರ್ಜಿಗಷ್ಟೇ ಇರುತ್ತವೆ, ಮಾಹಿತಿ ಸಾಗಿಸುವ ಎಳೆ ಅದರಲ್ಲಿರುವುದಿಲ್ಲ. ಅಂಥದ್ದನ್ನು ಹಾಕಿದರೆ ಬ್ಯಾಟರಿ ಏರುತ್ತದೆ, ಆದರೆ ಲ್ಯಾಪ್‌ಟಾಪಿನ ಸೌಂಡ್ ಪಟ್ಟಿಯಲ್ಲಿ ಉಪಕರಣದ ಹೆಸರು ಬರುವುದಿಲ್ಲ. ಫೋನಿಗೆ ಜೋಡಿಸಿದಾಗ ರಿಸೀವರ್ ಫೋನಿನಿಂದಲೇ ಚಾರ್ಜ್ ಹೀರತೊಡಗುತ್ತದೆ. ಹಲವು ಮಾದರಿಗಳ ಸೆಟ್ಟಿಂಗ್‌ನಲ್ಲಿ ಇದನ್ನು ನಿಲ್ಲಿಸುವ ಆಯ್ಕೆಯಿದೆ.

ಹೆಡ್‌ಫೋನನ್ನು ಕಿವಿಗಿಡುವ ಮೊದಲು ರಿಸೀವರ್‌ನ ವಾಲ್ಯೂಮ್ ತೀರಾ ಕೆಳಗಿಳಿಸಿ, ಗೇನ್ (ಆಂಪ್ಲಿಫೈಯರ್ ಸದ್ದನ್ನು ಎಷ್ಟು ಹಿಗ್ಗಿಸಬೇಕು ಎಂಬ ಆಯ್ಕೆ) ಅನ್ನು 'ಲೋ'ಗೆ ಇಡಿ. ಹಾಡು ಶುರುಮಾಡಿ, ಹೆಡ್‌ಫೋನ್ ಧರಿಸಿ, ನಿಧಾನಕ್ಕೆ ಏರಿಸಿ. ಈ ಅನುಕ್ರಮ ತಪ್ಪಿದರೆ ಪುಟ್ಟ ಇಯರ್‌ಫೋನಿನಲ್ಲಿ ಕಿವಿಗಡಚಿಕ್ಕುವ ಸದ್ದು ಏಕಾಏಕಿ ಹೊಡೆಯಬಹುದು. ಎಡ, ಬಲ ಎರಡೂ ಕಡೆ ಸಮವಾಗಿ, ಸ್ವಚ್ಛವಾಗಿ ಕೇಳಿದರೆ ಡ್ಯಾಕ್, ಆಂಪ್ಲಿಫೈಯರ್, ಪಿನ್, ಹೆಡ್‌ಫೋನ್ ಎಲ್ಲವೂ ಸರಿಯಿವೆ ಎಂದರ್ಥ. ಮುಂದೆ ಏನೇ ತೊಂದರೆ ಬಂದರೂ ಮೊದಲು ಬ್ಲೂಟೂತ್ ಕಡೆ ಹುಡುಕಿ.

ಗೇನ್ ಎಷ್ಟಿರಬೇಕು?

ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ: ಇಂಪಿಡೆನ್ಸ್ (ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆ) ಓಮ್‌ಗಳಲ್ಲಿ, ಸೆನ್ಸಿಟಿವಿಟಿ (ಕೊಟ್ಟ ವಿದ್ಯುತ್ತಿಗೆ ಎಷ್ಟು ಸದ್ದು ಬರುತ್ತದೆ ಎಂಬುದು) ಡೆಸಿಬೆಲ್‌ಗಳಲ್ಲಿ. ಇವೆರಡರಿಂದ ಎಷ್ಟು ಬಲ ಬೇಕೆಂದು ಲೆಕ್ಕ ಹಾಕಬಹುದು. 1 ಮಿಲಿವ್ಯಾಟ್‌ಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನ್ ಇದೆ ಎನ್ನಿ. ಪ್ರತಿ 10 ಡೆಸಿಬೆಲ್ ಏರಿಕೆಗೆ ಹತ್ತುಪಟ್ಟು ವಿದ್ಯುತ್ ಬೇಕು. ಸಂಗೀತದ ಕ್ಷಣಿಕ ಏರುಗಳಿಗೆಂದು 110 ಡೆಸಿಬೆಲ್‌ವರೆಗೆ ಜಾಗ ಬಿಟ್ಟರೆ 10 ಮಿಲಿವ್ಯಾಟ್ ಸಾಕು. ಅದೇ 10 ಮಿಲಿವ್ಯಾಟ್ ಕೊಡಲು 32 ಓಮ್‌ನ ಹೆಡ್‌ಫೋನಿಗೆ ಸುಮಾರು 0.57 ವೋಲ್ಟ್ ಸಾಕಾದರೆ, 300 ಓಮ್‌ನದಕ್ಕೆ 1.73 ವೋಲ್ಟ್ ಬೇಕು. ಹೆಚ್ಚು ಓಮ್‌ನ ದೊಡ್ಡ ಹೆಡ್‌ಫೋನುಗಳು ಚಿಕ್ಕ ಉಪಕರಣಗಳಲ್ಲಿ ಸೊರಗುವುದು ಈ ವೋಲ್ಟೇಜ್ ಸಾಲದ್ದರಿಂದ. 'ಹೈ' ಗೇನ್ ಮತ್ತು ಬ್ಯಾಲೆನ್ಸ್ಡ್ ತೂತು ಅವುಗಳ ಪಾಲಿಗೆ ನಿಜಕ್ಕೂ ಉಪಯುಕ್ತ.

ಕೆಲವು ತಯಾರಕರು ಸೆನ್ಸಿಟಿವಿಟಿಯನ್ನು ಮಿಲಿವ್ಯಾಟ್‌ಗೆ ಬದಲು 1 ವೋಲ್ಟ್‌ಗೆ ಎಂದು ಬರೆಯುತ್ತಾರೆ. ಎರಡನ್ನೂ ಒಂದೇ ಎಂದು ಹೋಲಿಸಬೇಡಿ. 32 ಓಮ್‌ನ ಹೆಡ್‌ಫೋನಿನಲ್ಲಿ ವೋಲ್ಟ್‌ಗೆ 115 ಡೆಸಿಬೆಲ್ ಎಂದರೂ ಮಿಲಿವ್ಯಾಟ್‌ಗೆ 100 ಡೆಸಿಬೆಲ್ ಎಂದರೂ ಹೆಚ್ಚುಕಡಿಮೆ ಒಂದೇ.

ಕಿವಿಯೊಳಗೆ ಕೂರುವ 16 ಓಮ್‌ನ ಇಯರ್‌ಫೋನುಗಳಿಗೆ 'ಲೋ' ಗೇನ್ ಧಾರಾಳ ಸಾಕು. ಅಲ್ಲಿ 'ಹೈ' ಇಟ್ಟರೆ ಹಾಡಿನ ನಡುವಿನ ಮೌನದಲ್ಲಿ 'ಸುಂಯ್' ಎನ್ನುವ ಸದ್ದು ಕೇಳತೊಡಗುತ್ತದೆ, ವಾಲ್ಯೂಮ್ ಎರಡು ಮೆಟ್ಟಿಲು ಏರಿಸುವಷ್ಟರಲ್ಲಿ ಸದ್ದು ಮಿತಿಮೀರುತ್ತದೆ. ಇನ್ನು ಉಪಕರಣದ ಔಟ್‌ಪುಟ್ ಇಂಪಿಡೆನ್ಸ್ ಹೆಡ್‌ಫೋನಿನ ಎಂಟನೇ ಒಂದು ಭಾಗ ಅಥವಾ ಅದಕ್ಕೂ ಕಡಿಮೆ ಇರಲಿ. 16 ಓಮ್‌ಗೆ 2 ಓಮ್ ಎಂಬ ಲೆಕ್ಕ. ಇದಕ್ಕಿಂತ ಹೆಚ್ಚಾದರೆ ಕೆಲವು ಇಯರ್‌ಫೋನುಗಳ ನಾದವೇ ಬದಲಾಗುತ್ತದೆ.

ಈಗ ಬ್ಲೂಟೂತ್

ಯುಎಸ್‌ಬಿ ತಂತಿ ಕಳಚಿ. ರಿಸೀವರ್‌ನ ದೀಪ ಎರಡು ಬಣ್ಣಗಳಲ್ಲಿ ಮಿನುಗುವವರೆಗೆ ಅಥವಾ ಪರದೆಯ ಮೇಲೆ 'ಪೇರಿಂಗ್' ಎಂದು ಬರುವವರೆಗೆ ಬ್ಲೂಟೂತ್ ಗುಂಡಿ ಒತ್ತಿ ಹಿಡಿಯಿರಿ. ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ಹೆಸರು ಬಂದಾಗ ಆರಿಸಿ. ಒಂದೊಮ್ಮೆ ಹೆಸರು ಬಂದರೂ ಜೋಡಣೆ ಆಗದಿದ್ದರೆ ಫೋನಿನಲ್ಲೂ ರಿಸೀವರ್‌ನಲ್ಲೂ ಹಳೆಯ ಜೋಡಣೆಯನ್ನು ಅಳಿಸಿ ಮೊದಲಿನಿಂದ ಶುರುಮಾಡಿ. ಒಂದೇ ಕಡೆ ಅಳಿಸಿದರೆ ಇನ್ನೊಂದು ಕಡೆ ಹಳೆಯ ಕೀಲಿಯನ್ನೇ ಹಿಡಿದುಕೊಂಡಿರುತ್ತದೆ, ಅದು ಈಗ ಹೊಂದುವುದಿಲ್ಲ.

ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳುಹಿಸಬೇಕಾಗುತ್ತದೆ. ಹೀಗೆ ಕುಗ್ಗಿಸಿ ಬಿಡಿಸುವ ವಿಧಾನವೇ ಕೋಡೆಕ್. ಎಲ್ಲ ಉಪಕರಣಗಳಲ್ಲೂ ಇರಲೇಬೇಕಾದದ್ದು ಎಸ್‌ಬಿಸಿ, ಅದರ ಉತ್ತಮ ದರ್ಜೆಯಲ್ಲಿ ಸೆಕೆಂಡಿಗೆ 328 ಕಿಲೋಬಿಟ್. ಆಪ್ಟ್‌ಎಕ್ಸ್ 352, ಆಪ್ಟ್‌ಎಕ್ಸ್ ಎಚ್‌ಡಿ 576. ಎಲ್‌ಡಿಎಸಿಯಲ್ಲಿ 330, 660, 990 ಎಂಬ ಮೂರು ಹಂತಗಳಿವೆ. ಎರಡೂ ಕಡೆ ಇರುವ ಕೋಡೆಕ್ ಮಾತ್ರ ಕೆಲಸ ಮಾಡುತ್ತದೆ. ಐಫೋನ್ ಕಳುಹಿಸುವುದು ಎಸ್‌ಬಿಸಿ ಅಥವಾ ಎಎಸಿ ಮಾತ್ರ. ಹಾಗಾಗಿ ಐಫೋನ್ ಬಳಸುವವರು ಎಲ್‌ಡಿಎಸಿಗೆಂದು ಹೆಚ್ಚು ಹಣ ಕೊಡುವುದು ವ್ಯರ್ಥ. ಆಂಡ್ರಾಯ್ಡ್‌ಗೆ 2017ರ 8ನೇ ಆವೃತ್ತಿಯಿಂದ ಎಲ್‌ಡಿಎಸಿ ಬಂದಿದೆ.

ಆಂಡ್ರಾಯ್ಡ್‌ನಲ್ಲಿ ಕೋಡೆಕ್ ಬದಲಿಸಲು ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರಗಳಿರುವ ಪುಟಕ್ಕೆ ಹೋಗಿ 'ಬಿಲ್ಡ್ ನಂಬರ್' ಮೇಲೆ 7 ಸಲ ತಟ್ಟಿ. 'ಡೆವಲಪರ್ ಆಪ್ಷನ್ಸ್' ತೆರೆದುಕೊಳ್ಳುತ್ತದೆ. ರಿಸೀವರ್ ಜೋಡಣೆಯಾಗಿದ್ದಾಗ ಮಾತ್ರ ಅಲ್ಲಿ ಕೋಡೆಕ್ ಬದಲಿಸಲು ಸಾಧ್ಯ. 990ರ ಮೋಹಕ್ಕೆ ಬೀಳಬೇಡಿ. ಗಾಳಿಯಲ್ಲಿ ಕಳೆದುಹೋದ ಮಾಹಿತಿಯನ್ನು ಫೋನ್ ಮತ್ತೆ ಕಳುಹಿಸಬೇಕು. 990ರಲ್ಲಿ ದಾರಿ ಮೊದಲೇ ತುಂಬಿರುವುದರಿಂದ ಮರುಕಳುಹಿಸಲು ಎಡೆಯೇ ಉಳಿಯುವುದಿಲ್ಲ, ಹಾಡು ತುಂಡಾಗುತ್ತದೆ. ಓಡಾಡುತ್ತ ಕೇಳುವವರಿಗೆ 660 ಒಳ್ಳೆಯದು. ಕಡಿಯದೆ ಬರುವ 660, ಕಡಿದು ಬರುವ 990ಕ್ಕಿಂತ ಎಷ್ಟೋ ವಾಸಿ.

ಎರಡು ವಾಲ್ಯೂಮ್‌ಗಳ ಗೊಂದಲ

ಫೋನಿಗೊಂದು, ರಿಸೀವರ್‌ಗೊಂದು ವಾಲ್ಯೂಮ್ ಇದೆ. ಕೆಲವು ಜೋಡಿಗಳಲ್ಲಿ ಎರಡೂ ಒಟ್ಟಿಗೇ ಏರಿಳಿಯುತ್ತವೆ, ಆಗ ಚಿಂತೆಯಿಲ್ಲ. ಬೇರೆ ಬೇರೆಯಾಗಿ ಕೆಲಸ ಮಾಡುತ್ತಿದ್ದರೆ ರಿಸೀವರ್‌ನದನ್ನು ಮೊದಲು ಇಳಿಸಿ, ಫೋನಿನದನ್ನು ಪೂರ್ತಿ ಏರಿಸಿ, ಆಮೇಲೆ ಬೇಕಾದಷ್ಟು ಸದ್ದನ್ನು ರಿಸೀವರ್‌ನಲ್ಲೇ ಹೊಂದಿಸಿಕೊಳ್ಳಿ. ಫೋನಿನಲ್ಲಿ ತಗ್ಗಿಸಿ ರಿಸೀವರ್‌ನಲ್ಲಿ ಹೆಚ್ಚಿಸಿದರೆ ಹಾಡಿನ ಜೊತೆಗೆ ಹಿನ್ನೆಲೆಯ ಗದ್ದಲವೂ ಹಿಗ್ಗುತ್ತದೆ. ಒಟ್ಟಿಗೇ ಏರಿಳಿಯುವಾಗ ಮೆಟ್ಟಿಲುಗಳು ತೀರಾ ದೊಡ್ಡದಾಗಿ, ಒಂದರಲ್ಲಿ ಕಡಿಮೆ, ಮುಂದಿನದರಲ್ಲಿ ಹೆಚ್ಚು ಎನಿಸಿದರೆ ಅದೇ ಡೆವಲಪರ್ ಪುಟದಲ್ಲಿ 'ಡಿಸೇಬಲ್ ಅಬ್ಸಲ್ಯೂಟ್ ವಾಲ್ಯೂಮ್' ಆನ್ ಮಾಡಿ. ಆಗ ಎರಡೂ ಬೇರೆಯಾಗುತ್ತವೆ.

ಎಷ್ಟು ಜೋರಾಗಿ ಕೇಳಬಹುದು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕವಿದೆ: 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ, 90ರಲ್ಲಿ ಬರೀ 4 ಗಂಟೆ. ಆಂಪ್ಲಿಫೈಯರ್ ಇದ್ದಾಗ ಸದ್ದು ಒಡೆಯದೆ ಏರುವುದರಿಂದ ಜೋರಾಗಿದೆ ಎಂಬುದೇ ತಿಳಿಯುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಏನೇನು ಕೈಕೊಡುತ್ತದೆ

ಹಾಡು ಕಡಿಕಡಿದು ಬರುವುದು ಎಲ್ಲಕ್ಕಿಂತ ಸಾಮಾನ್ಯ. ಬ್ಲೂಟೂತ್ ಓಡಾಡುವ 2.4 ಗಿಗಾಹರ್ಟ್ಸ್‌ನ ಅಲೆಗಳನ್ನು ನೀರು ಹೀರುತ್ತದೆ, ನಮ್ಮ ಮೈ ಬಹುಪಾಲು ನೀರೇ. ಫೋನ್ ಪ್ಯಾಂಟಿನ ಹಿಂದಿನ ಜೇಬಿನಲ್ಲಿ, ರಿಸೀವರ್ ಅಂಗಿಯ ಮುಂದೆ ಇದ್ದರೆ ನಡುವೆ ಇಡೀ ದೇಹ ಅಡ್ಡ ನಿಂತಿದೆ. ಎರಡನ್ನೂ ಒಂದೇ ಪಕ್ಕಕ್ಕೆ ತನ್ನಿ. ಇಷ್ಟರಿಂದಲೇ ಬಹಳ ಸಲ ಸರಿಹೋಗುತ್ತದೆ. ಲ್ಯಾಪ್‌ಟಾಪಿನ ಜೊತೆ ಮಾತ್ರ ಕಡಿಯುತ್ತಿದ್ದರೆ ಪಕ್ಕದಲ್ಲಿರುವ ಯುಎಸ್‌ಬಿ 3 ಡಿಸ್ಕ್ ಕಳಚಿ ನೋಡಿ. ಆ ಡಿಸ್ಕ್ ಮತ್ತು ಅದರ ತಂತಿ ಇದೇ 2.4 ಗಿಗಾಹರ್ಟ್ಸ್‌ನ ಆಸುಪಾಸಿನಲ್ಲಿ ಗದ್ದಲ ಹೊರಸೂಸುತ್ತವೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸುವುದೂ ಒಳ್ಳೆಯದು.

ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ಶುರುವಾದ ಕೂಡಲೇ ಸಂಗೀತ ಹಳೆಯ ಟೆಲಿಫೋನಿನಂತೆ ಕೇಳುವುದು ಇನ್ನೊಂದು ದೂರು. ಮೈಕ್ ಬಳಕೆಗೆ ಬಂದರೆ ಬ್ಲೂಟೂತ್ ಕರೆಯ ವಿಧಾನಕ್ಕೆ ಹೊರಳುತ್ತದೆ. ಅಲ್ಲಿ ಸ್ಟೀರಿಯೋ ಇಲ್ಲ, ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 8,000 ಅಥವಾ 16,000 ಸಲವಷ್ಟೇ ಅಳೆದು ಕಳುಹಿಸಲಾಗುತ್ತದೆ. ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದನ್ನೇ ಆರಿಸಿ, ಸ್ಪೀಕರ್ ಆಗಿ ಮಾತ್ರ ರಿಸೀವರ್ ಇಟ್ಟುಕೊಳ್ಳಿ.

ಆಟಗಳಲ್ಲಿ ಗುಂಡಿ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ಅದು ದೋಷವಲ್ಲ. ಕುಗ್ಗಿಸಿ, ಕಳುಹಿಸಿ, ಬಿಡಿಸಲು ಹಿಡಿಯುವ ಹೊತ್ತು ಅದು. ವಿಡಿಯೋ ಆ್ಯಪ್‌ಗಳಲ್ಲಿ ಹಲವು ಚಿತ್ರವನ್ನೂ ಅಷ್ಟೇ ತಡಮಾಡಿ ಸರಿದೂಗಿಸುತ್ತವೆ, ಆಟಗಳಿಗೆ ಅದು ಆಗದು. ಅಲ್ಲಿ ಯುಎಸ್‌ಬಿ ತಂತಿಯೇ ಪರಿಹಾರ.

ಈಕ್ವಲೈಸರ್‌ನಲ್ಲಿ ಬಾಸ್ ಏರಿಸಿದ ಮೇಲೆ ಡೋಲಿನ ಪೆಟ್ಟು ಬಿರುಕು ಬಿಟ್ಟಂತೆ ಕೇಳಿದರೆ ಅಂಕಿಗಳು ಮೇಲಿನ ಮಿತಿಗೆ ಬಡಿಯುತ್ತಿವೆ. ಬಾಸ್ 6 ಡೆಸಿಬೆಲ್ ಏರಿಸಿದ್ದರೆ ಈಕ್ವಲೈಸರ್‌ನಲ್ಲೇ ಇರುವ 'ಪ್ರೀಆಂಪ್' (ಒಟ್ಟು ಸದ್ದಿನ ಮಟ್ಟ) ಅನ್ನು ಮೈನಸ್ 6ಕ್ಕೆ ಇಳಿಸಿ, ಕಡಿಮೆಯಾದ ಸದ್ದನ್ನು ವಾಲ್ಯೂಮ್‌ನಲ್ಲಿ ತುಂಬಿಕೊಳ್ಳಿ.

ಬ್ಯಾಟರಿ

ವಾರಗಟ್ಟಲೆ ಬಳಸದೆ ಇಡುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿಡಿ. ಪೂರ್ತಿ ತುಂಬಿಸಿಟ್ಟರೂ ಪೂರ್ತಿ ಬರಿದಾಗಿಸಿಟ್ಟರೂ ಬ್ಯಾಟರಿ ಬೇಗ ಸವೆಯುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ. ರಿಸೀವರ್‌ನ ಹಿಂಬದಿ ಅಥವಾ ಪರದೆ ತುಸು ಮೇಲೆದ್ದು, ಅಂಚಿನಲ್ಲಿ ಉಗುರು ತೂರುವಷ್ಟು ಸೀಳು ಕಾಣಿಸಿದರೆ ಒಳಗಿನ ಬ್ಯಾಟರಿ ಉಬ್ಬಿದೆ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ, ಮತ್ತೆ ಚಾರ್ಜಿಗೆ ಹಾಕಬೇಡಿ. ಸುಡುವ ವಸ್ತುಗಳಿಂದ ದೂರವಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ, ಬ್ಯಾಟರಿ ಉಬ್ಬಿದೆ ಎಂದು ಹೇಳಿಯೇ ಒಪ್ಪಿಸಿ.