ಬಾಡಿಗೆಗೆ ವಿಮಾನ ಹಿಡಿಯುವುದು ಹೇಗೆ?

ಬೆಂಗಳೂರಿನ ಕಂಪನಿಯೊಂದರ ಆರು ಮಂದಿಗೆ ಬೆಳಿಗ್ಗೆ ಕಲಬುರಗಿಯಲ್ಲಿ ಕೆಲಸ, ಮಧ್ಯಾಹ್ನ ಬೆಳಗಾವಿಯಲ್ಲಿ ಸಭೆ, ರಾತ್ರಿ ಊಟದ ಹೊತ್ತಿಗೆ ಎಲ್ಲರೂ ಮನೆ ಸೇರಬೇಕು ಎಂದಿಟ್ಟುಕೊಳ್ಳಿ. ಕಾರಿನಲ್ಲಿ ಹೊರಟರೆ ಎರಡು ರಾತ್ರಿ ಹೊರಗೆ ಕಳೆಯಬೇಕು. ನಿಗದಿತ ವಿಮಾನಗಳ ವೇಳಾಪಟ್ಟಿ ಯಾರ ಸಭೆಯ ಸಮಯವನ್ನೂ ಕೇಳಿ ತಯಾರಾದದ್ದಲ್ಲ. ಸಣ್ಣ ವಿಮಾನವೊಂದನ್ನು ದಿನದ ಮಟ್ಟಿಗೆ ಬಾಡಿಗೆಗೆ ಪಡೆದರೆ ಸುಮಾರು ಮೂರು ಗಂಟೆಗಳ ಹಾರಾಟದಲ್ಲಿ ಈ ಸುತ್ತು ಮುಗಿಯುತ್ತದೆ.

ಚಾರ್ಟರ್ ಎಂದರೆ ತಾರೆಯರ ಮದುವೆ, ಚುನಾವಣಾ ಪ್ರಚಾರ ಎಂದಷ್ಟೇ ನೆನಪಾಗುವುದು ಸಹಜ. ಆದರೆ ಈ ವ್ಯವಹಾರಕ್ಕೆ ನಿಜವಾದ ಅರ್ಥವಿರುವುದು ಇಂತಹ ತ್ರಿಕೋನ ಪ್ರಯಾಣಗಳಲ್ಲಿ, ಒಳನಾಡಿನ ಊರುಗಳಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದಲ್ಲಿ ವಿದ್ಯಾನಗರ ವಿಮಾನ ನಿಲ್ದಾಣ ತಲೆಯೆತ್ತಿದ್ದು ಸುಮ್ಮನೆ ಅಲ್ಲ. ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಕೂಡ 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ಹಾರಿಸುವ ಮೊದಲು, 1997ರಲ್ಲಿ ಬೆಂಗಳೂರಿನಿಂದ ಶುರು ಮಾಡಿದ್ದು ಬಾಡಿಗೆ ಹೆಲಿಕಾಪ್ಟರ್ ಸೇವೆಯನ್ನೇ. ಇದಕ್ಕೆ ಪ್ರತಿಯಾಗಿ, ದಿನಕ್ಕೆ ಹತ್ತಾರು ವಿಮಾನಗಳಿರುವ ಬೆಂಗಳೂರು–ಮುಂಬೈ, ಬೆಂಗಳೂರು–ದೆಹಲಿ ಮಾರ್ಗಗಳಿಗೆ ಚಾರ್ಟರ್ ಹಿಡಿಯುವವರು ಬಹುಪಾಲು ಖರೀದಿಸುವುದು ಪ್ರತಿಷ್ಠೆಯನ್ನು. ಅದು ಅವರವರ ಇಷ್ಟ. ಈ ಲೇಖನ ಸಮಯ ಉಳಿಸಬೇಕಾದವರಿಗೆ.

ಮೊದಲಿಗೇ ತಿಳಿದಿರಬೇಕಾದದ್ದು ಇಷ್ಟು: ನೀವು ಎಷ್ಟು ದೂರ ಹಾರುತ್ತೀರಿ ಎಂಬುದರ ಮೇಲೆ ಬಾಡಿಗೆ ನಿಂತಿಲ್ಲ, ವಿಮಾನ ಎಷ್ಟು ದೂರ ಹಾರುತ್ತದೆ ಎಂಬುದರ ಮೇಲೆ ನಿಂತಿದೆ. ಪರವೂರಿಗೆ ಟ್ಯಾಕ್ಸಿ ಮಾಡಿಕೊಂಡು ಹೋದವರಿಗೆ ಈ ಲೆಕ್ಕ ಹೊಸದಲ್ಲ. ಗಾಡಿ ಖಾಲಿ ಬಂದರೂ ಕಿಲೋಮೀಟರ್ ನಮ್ಮದೇ, ದಿನಕ್ಕೆ ಇಷ್ಟೆಂದು ಕನಿಷ್ಠ ಬಾಡಿಗೆ, ಮೇಲೆ ಡ್ರೈವರ್ ಬಾಟಾ. ವಿಮಾನದಲ್ಲಿಯೂ ಇವೆಲ್ಲ ಇವೆ, ಸೊನ್ನೆಗಳು ಮಾತ್ರ ಹೆಚ್ಚು.

ವಿಮಾನ ಆರಿಸುವುದು

ಕರ್ನಾಟಕದೊಳಗಿನ ಪ್ರಯಾಣಕ್ಕೆ ಹೆಚ್ಚಿನವರಿಗೆ ಜೆಟ್ ಬೇಕಾಗುವುದೇ ಇಲ್ಲ. ಬೀಚ್‌ಕ್ರಾಫ್ಟ್ ಕಿಂಗ್ ಏರ್ ಬಿ200ರಂತಹ ಎರಡು ಎಂಜಿನ್‌ನ ಟರ್ಬೊಪ್ರಾಪ್ ವಿಮಾನದಲ್ಲಿ ಏಳೆಂಟು ಮಂದಿ ಕೂರಬಹುದು; ಗಂಟೆಗೆ ಸುಮಾರು 500 ಕಿ.ಮೀ. ವೇಗ. ರೆಕ್ಕೆಯ ಮೇಲೆ ಪ್ರೊಪೆಲ್ಲರ್ ಕಂಡು ಮೂಗು ಮುರಿಯುವವರಿದ್ದಾರೆ. ಐನೂರು ಕಿಲೋಮೀಟರ್‌ ದೂರಕ್ಕೆ ಜೆಟ್ ಉಳಿಸುವುದು ಇಪ್ಪತ್ತು ನಿಮಿಷ, ಅದಕ್ಕೆ ತೆರಬೇಕಾದ ದರ ಸುಮಾರು ಎರಡರಷ್ಟು. ದೆಹಲಿ, ಜೈಪುರ, ಕೋಲ್ಕತ್ತದಂತಹ ದೂರದ ಊರುಗಳಿಗಾದರೆ ಹಾಕರ್ 800ಎಕ್ಸ್‌ಪಿಯಂತಹ ಎಂಟು ಆಸನದ ಮಧ್ಯಮ ಜೆಟ್ ಸರಿ. ಹನ್ನೆರಡು–ಹದಿಮೂರು ಮಂದಿಯಿದ್ದರೆ ಎಂಬ್ರೇಯರ್ ಲೆಗಸಿಯಂತಹ ದೊಡ್ಡದು ಬೇಕು. ಮಾರುಕಟ್ಟೆಯಲ್ಲಿ ಟರ್ಬೊಪ್ರಾಪ್‌ಗೆ ಗಂಟೆಗೆ ಒಂದರಿಂದ ಎರಡು ಲಕ್ಷ ರೂಪಾಯಿ, ಮಧ್ಯಮ ಜೆಟ್‌ಗೆ ಎರಡೂವರೆಯಿಂದ ನಾಲ್ಕು ಲಕ್ಷ, ದೊಡ್ಡದಕ್ಕೆ ಐದು ಲಕ್ಷ ಮತ್ತು ಅದಕ್ಕೂ ಹೆಚ್ಚು ಕೇಳುವುದು ಸಾಮಾನ್ಯ.

ಆಸನದ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಎಂಟು ಆಸನದ ವಿಮಾನದಲ್ಲಿ ಎಂಟು ಮಂದಿ ಕುಳಿತರೆ ಸಾಮಾನಿಗೆ ಜಾಗವಾಗಲಿ ತೂಕದ ಅವಕಾಶವಾಗಲಿ ಉಳಿಯದೇ ಹೋಗಬಹುದು. ಪ್ರಯಾಣಿಕರ ತೂಕ ಕೇಳಿದಾಗ ನಾಚಿಕೆ ಬಿಟ್ಟು ನಿಜವನ್ನೇ ಹೇಳಿ, ಪೈಲಟ್ ಇಂಧನದ ಲೆಕ್ಕ ಹಾಕುವುದು ಅದರ ಮೇಲೆ. ಮದುವೆಗೆ ಹೊರಟವರು ಗಟ್ಟಿ ಸೂಟ್‌ಕೇಸ್‌ಗಳ ಬದಲು ಮೆತ್ತನೆಯ ಬಟ್ಟೆಯ ಬ್ಯಾಗ್ ತರುವುದು ಲೇಸು. ಸಣ್ಣ ವಿಮಾನದ ಸಾಮಾನಿನ ಬಾಗಿಲು ಅಷ್ಟೊಂದು ಉದಾರಿಯಲ್ಲ.

ಎಲ್ಲಿಂದ ಎಲ್ಲಿಗೆ

ವಿಮಾನಕ್ಕೆ ತಕ್ಕ ರನ್‌ವೇ ಇದೆಯೇ ಎಂದು ನೋಡದೆ ದರ ಕೇಳುವುದು ವ್ಯರ್ಥ. 2023ರಲ್ಲಿ ಉದ್ಘಾಟನೆಯಾದ ಶಿವಮೊಗ್ಗದ ರನ್‌ವೇ ಮೂರು ಕಿಲೋಮೀಟರ್‌ಗೂ ಹೆಚ್ಚು ಉದ್ದವಿದೆ, 2019ರಲ್ಲಿ ತೆರೆದ ಕಲಬುರಗಿಯದ್ದೂ ಹಾಗೆಯೇ. ಮೈಸೂರಿನ ಮಂಡಕಳ್ಳಿಯದ್ದು ಸುಮಾರು 1,740 ಮೀಟರ್. ಟರ್ಬೊಪ್ರಾಪ್‌ಗೆ ಧಾರಾಳ, ಆದರೆ ದೊಡ್ಡ ಜೆಟ್ ಇಳಿಸಬಹುದೇ ಎಂಬುದನ್ನು ಅಂದಿನ ತೂಕ, ಉಷ್ಣಾಂಶ ನೋಡಿ ಪೈಲಟ್ ಹೇಳಬೇಕು. ಮಂಗಳೂರಿನದ್ದು ಗುಡ್ಡದ ತಲೆಯ ಮೇಲಿನ ರನ್‌ವೇ, ಮಳೆಗಾಲದಲ್ಲಿ ಅಲ್ಲಿ ಎಚ್ಚರ ಹೆಚ್ಚು ಬೇಕು. ಸಣ್ಣ ನಿಲ್ದಾಣಗಳ ಬಗ್ಗೆ ಇನ್ನೆರಡು ಪ್ರಶ್ನೆ ಕೇಳಿ: ರಾತ್ರಿ ಇಳಿಯುವ ಸೌಲಭ್ಯ ಇದೆಯೇ? ಕೆಲಸದ ವೇಳೆ ಎಷ್ಟರಿಂದ ಎಷ್ಟರವರೆಗೆ? ಸಂಜೆ ಆರಕ್ಕೆ ಬೀಗ ಹಾಕುವ ನಿಲ್ದಾಣಕ್ಕೆ ಏಳಕ್ಕೆ ಬರುತ್ತೇವೆ ಎಂದರೆ ವೇಳೆ ವಿಸ್ತರಣೆಯ ಶುಲ್ಕ ನಿಮ್ಮ ಬಿಲ್ಲಿಗೆ ಸೇರುತ್ತದೆ, ಅದೂ ಮೊದಲೇ ಅನುಮತಿ ಸಿಕ್ಕಿದ್ದರೆ.

ಬೆಂಗಳೂರಿನಲ್ಲಿ ಹೊರಡುವ ಜಾಗಕ್ಕೂ ಆಯ್ಕೆಯಿದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದಾಗ ಹಳೆಯ ಎಚ್‌ಎಎಲ್ ನಿಲ್ದಾಣದ ಸಾಮಾನ್ಯ ಪ್ರಯಾಣಿಕ ವಿಮಾನಗಳು ನಿಂತವು, ಬಾಡಿಗೆ ಮತ್ತು ಗಣ್ಯರ ವಿಮಾನಗಳು ನಿಲ್ಲಲಿಲ್ಲ. ವೈಟ್‌ಫೀಲ್ಡ್, ಇಂದಿರಾನಗರದವರಿಗೆ ಅಲ್ಲಿಂದ ಹೊರಟರೆ ಒಂದು ಗಂಟೆಯ ರಸ್ತೆ ಉಳಿಯಬಹುದು. ಜಕ್ಕೂರಿನ ಪುಟ್ಟ ರನ್‌ವೇ ತರಬೇತಿ ವಿಮಾನಗಳಿಗೆ, ಹೆಲಿಕಾಪ್ಟರ್‌ಗಳಿಗೆ, ಜೆಟ್‌ಗೆ ಅಲ್ಲ. ಮುಂಬೈಗೆ ಹೋಗುವವರು ಇನ್ನೊಂದು ತೊಡಕನ್ನು ಗಮನಿಸಬೇಕು: ಅಲ್ಲಿ ದಟ್ಟಣೆಯ ವೇಳೆಯಲ್ಲಿ ಖಾಸಗಿ ವಿಮಾನಗಳಿಗೆ ನಿರ್ಬಂಧವಿರುತ್ತದೆ. ಹತ್ತು ಗಂಟೆಯ ಸಭೆಗೆ ಒಂಬತ್ತೂವರೆಗೆ ಇಳಿಯುವ ಕನಸು ಕಾಣಬೇಡಿ.

ವಿಮಾನ ಯಾರದ್ದು?

ಅವಸರದಲ್ಲಿರುವವರು ಹಾರಿಸಿಬಿಡುವ ಹೆಜ್ಜೆ ಇದು. ಜಾಲತಾಣ, ಆ್ಯಪ್‌ಗಳಲ್ಲಿ ಸಿಗುವವರಲ್ಲಿ ಬಹಳಷ್ಟು ಮಂದಿ ಮಧ್ಯವರ್ತಿಗಳು. ಅವರ ಬಳಿ ವಿಮಾನವಿಲ್ಲ, ಫೋನ್ ಇದೆ. ಮಧ್ಯವರ್ತಿ ಕೆಟ್ಟವನೇನಲ್ಲ. ನಾಲ್ಕು ಕಡೆ ವಿಚಾರಿಸಿ ಯಾವ ವಿಮಾನ ಎಲ್ಲಿ ಬಿಡುವಾಗಿದೆ ಎಂದು ಹುಡುಕಿಕೊಡುವ ಒಳ್ಳೆಯವರೂ ಇದ್ದಾರೆ. ಆದರೆ ನಿಮ್ಮನ್ನು ಹಾರಿಸುವ ಸಂಸ್ಥೆ ಯಾವುದು ಎಂಬುದು ಲಿಖಿತವಾಗಿ ನಿಮ್ಮ ಕೈಯಲ್ಲಿರಬೇಕು.

ಭಾರತದಲ್ಲಿ ಹಣ ಪಡೆದು ಪ್ರಯಾಣಿಕರನ್ನು ಹೀಗೆ ಕರೆದೊಯ್ಯಲು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಕೊಡುವ, ನಿಗದಿತವಲ್ಲದ ಹಾರಾಟದ ಪರವಾನಗಿ ಬೇಕು. ಈ ವಲಯದವರು ಇದನ್ನು ಎನ್‌ಎಸ್‌ಒಪಿ ಎನ್ನುತ್ತಾರೆ. ಪರವಾನಗಿ ಇರುವವರ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ವಿಟಿ ಎಂದು ಆರಂಭವಾಗುವ ವಿಮಾನದ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಿರಿ. ಆ ನಿರ್ದಿಷ್ಟ ವಿಮಾನ ಆ ಪರವಾನಗಿಯಡಿ ಸೇರಿದೆಯೇ ಎಂದು ತಾಳೆ ನೋಡಿ. ಉದ್ಯಮಿಯೊಬ್ಬರು ಸ್ವಂತಕ್ಕೆಂದು ಇಟ್ಟುಕೊಂಡ ವಿಮಾನವನ್ನು ‘ಕಡಿಮೆಗೆ ಮಾಡಿಕೊಡುತ್ತೇವೆ’ ಎಂದು ಯಾರಾದರೂ ತೋರಿಸಿದರೆ ಅದು ವೈಟ್‌ಬೋರ್ಡ್ ಕಾರಿನಲ್ಲಿ ಬಾಡಿಗೆ ಓಡಿಸಿದಂತೆ. ಕಾನೂನಿಗೆ ವಿರುದ್ಧ, ಮೇಲಾಗಿ ಅಪಘಾತವಾದರೆ ವಿಮೆ ನಿಮ್ಮ ಕೈ ಹಿಡಿಯದೇ ಹೋಗಬಹುದು. ವಿಮೆಯ ಪ್ರತಿ, ಪೈಲಟ್‌ಗಳಿಗೆ ಆ ಬಗೆಯ ವಿಮಾನದಲ್ಲಿರುವ ಅನುಭವ, ಸುರಕ್ಷತೆಯ ಕುರಿತು ಹೊರಗಿನವರಿಂದ ತಪಾಸಣೆ ನಡೆದಿದೆಯೇ ಎಂಬುದು – ಇವನ್ನು ಕೇಳಿದಾಗ ಮುಖ ಸಿಂಡರಿಸುವವರ ವಿಮಾನ ಹತ್ತಬೇಡಿ.

ದರಪಟ್ಟಿ ಓದುವುದು

ಮೊದಲಿನ ಉದಾಹರಣೆಗೇ ಬರೋಣ. ಬೆಂಗಳೂರಿನಿಂದ ಕಲಬುರಗಿ ಒಂದು ಗಂಟೆ ಚಿಲ್ಲರೆ, ಅಲ್ಲಿಂದ ಬೆಳಗಾವಿ ಮುಕ್ಕಾಲು ಗಂಟೆ, ಮರಳಿ ಬೆಂಗಳೂರು ಮತ್ತೊಂದು ಗಂಟೆ ಚಿಲ್ಲರೆ. ಒಟ್ಟು ಮೂರು ಗಂಟೆ. ಗಂಟೆಗೆ ಒಂದೂವರೆ ಲಕ್ಷ ಎಂದು ಹಿಡಿದರೆ ನಾಲ್ಕೂವರೆ ಲಕ್ಷ. ನಿಲ್ದಾಣಗಳ ಲ್ಯಾಂಡಿಂಗ್, ಪಾರ್ಕಿಂಗ್, ನೆಲದ ಸೇವೆಗಳಿಗೆ 60 ಸಾವಿರ ಎಂದುಕೊಳ್ಳೋಣ. ಅಲ್ಲಿಗೆ 5,10,000. ಮೇಲೆ ಶೇ 18ರ ಜಿಎಸ್‌ಟಿ 91,800. ಒಟ್ಟು 6,01,800, ತಲೆಗೆ ಲಕ್ಷ ರೂಪಾಯಿ.

ವಿಮಾನದ ಠಿಕಾಣಿ ಬೆಂಗಳೂರು ಆಗಿದ್ದರೆ ಮಾತ್ರ ಈ ಲೆಕ್ಕ. ಅದು ಮುಂಬೈಯದ್ದಾದರೆ ನಿಮ್ಮನ್ನು ಕರೆದೊಯ್ಯಲು ಖಾಲಿ ಬರಬೇಕು, ಬಿಟ್ಟು ಖಾಲಿ ಹೋಗಬೇಕು. ಎರಡೂ ಸೇರಿ ಇನ್ನೂ ಮೂರು ಗಂಟೆ ನಲವತ್ತು ನಿಮಿಷ. ಅದೇ ದರದಲ್ಲಿ ಮೊತ್ತ ಹನ್ನೆರಡೂವರೆ ಲಕ್ಷಕ್ಕೆ ಏರುತ್ತದೆ. ನೀವು ಕುಳಿತದ್ದು ಅದೇ ಮೂರು ಗಂಟೆ. ಆದ್ದರಿಂದ ‘ಗಂಟೆಗೆ ಎಷ್ಟು’ ಎಂಬ ಪ್ರಶ್ನೆಗಿಂತ ಮುಂಚೆ ‘ವಿಮಾನ ಈಗ ಎಲ್ಲಿದೆ’ ಎಂದು ಕೇಳಬೇಕು. ಗಂಟೆಗೆ ಎರಡು ಲಕ್ಷ ಕೇಳುವ ಬೆಂಗಳೂರಿನ ವಿಮಾನ, ಒಂದು ಲಕ್ಷಕ್ಕೆ ಬರುವ ಮುಂಬೈಯ ವಿಮಾನಕ್ಕಿಂತ ಅಗ್ಗವಾಗುವುದು ಹೀಗೆ.

ಕಾಯಿಸುವ ಪ್ರಯಾಣದಲ್ಲಿ ಇನ್ನೊಂದು ಗಂಟು. ವಿಮಾನ ನಿಂತಲ್ಲೇ ನಿಂತಿದ್ದರೂ ದಿನಕ್ಕೆ ಕನಿಷ್ಠ ಎರಡು ಗಂಟೆಯ ಬಾಡಿಗೆ ಹಾಕುವುದು ಇಲ್ಲಿ ರೂಢಿ. ಕುಟುಂಬದೊಂದಿಗೆ ಶಿರಡಿಗೆ ಹೊರಟಿದ್ದೀರಿ ಎನ್ನಿ. ಒಂದು ಬದಿಗೆ ಟರ್ಬೊಪ್ರಾಪ್‌ನಲ್ಲಿ ಒಂದೂ ಮುಕ್ಕಾಲು ಗಂಟೆ. ಶುಕ್ರವಾರ ಹೋಗಿ ಭಾನುವಾರ ಬರುವುದಾದರೆ ವಿಮಾನವನ್ನು ಅಲ್ಲೇ ಕಾಯಿಸಿದರೆ ಮೂರು ದಿನಕ್ಕೆ ಆರು ಗಂಟೆ. ಖಾಲಿ ಕಳುಹಿಸಿ ಮತ್ತೆ ಕರೆಸಿದರೆ ಏಳು ಗಂಟೆ. ಕಾಯಿಸುವುದೇ ಲಾಭ. ಸೋಮವಾರ ಬರುವುದಾದರೆ ಕಾಯಿಸಿದ್ದಕ್ಕೆ ಎಂಟು ಗಂಟೆ, ಕಳುಹಿಸಿದ್ದಕ್ಕೆ ಅದೇ ಏಳು. ಸಿಬ್ಬಂದಿಯ ಹೋಟೆಲ್ ಖರ್ಚು, ರಾತ್ರಿ ನಿಲುಗಡೆ ಬೇರೆ. ಎರಡೂ ಬಗೆಯ ದರಪಟ್ಟಿಯನ್ನು ಕೇಳಿ ಪಡೆಯದಿದ್ದರೆ ಅವರಾಗಿ ಕೊಡುವುದಿಲ್ಲ.

ಈ ಖಾಲಿ ಹಾರಾಟವೇ ಕೆಲವರಿಗೆ ವರ. ಯಾರನ್ನೋ ಗೋವಾದಲ್ಲಿ ಬಿಟ್ಟು ಬರಿದೇ ಬೆಂಗಳೂರಿಗೆ ಮರಳುವ ವಿಮಾನದ ಆಸನಗಳು ಸಾಕಷ್ಟು ಕಡಿಮೆ ದರಕ್ಕೆ ಸಿಗುತ್ತವೆ. ಆದರೆ ಮೂಲ ಗಿರಾಕಿ ಮನಸ್ಸು ಬದಲಿಸಿದರೆ ನಿಮ್ಮ ಪ್ರಯಾಣವೂ ರದ್ದು. ಬಿಡುವಾದ ವಾರಾಂತ್ಯಕ್ಕೆ ಸರಿ, ಮುಹೂರ್ತ ಹಿಡಿಯಬೇಕಾದವರಿಗೆ ಸಲ್ಲದು.

ಕರಾರು, ದಿನಾಂಕ

ಮುಂಗಡ ಕೊಡುವ ಮೊದಲು ಕರಾರಿನಲ್ಲಿ ನೋಡಬೇಕಾದ್ದು ಎರಡು. ನೀವು ರದ್ದು ಮಾಡಿದರೆ ಎಷ್ಟು ಹೋಗುತ್ತದೆ ಎಂಬುದನ್ನು ಎಲ್ಲರೂ ಬರೆದಿರುತ್ತಾರೆ. ವಿಮಾನ ಕೆಟ್ಟು ಅವರು ರದ್ದು ಮಾಡಿದರೆ ಬದಲಿ ಕೊಡುತ್ತಾರೆಯೇ, ಬದಲಿಯ ಖಾಲಿ ಹಾರಾಟದ ಹಣ ಯಾರದ್ದು ಎಂಬುದನ್ನು ಬರೆಸಿಕೊಳ್ಳಬೇಕು. ಹವಾಮಾನದಿಂದ ಬೇರೆ ಊರಲ್ಲಿ ಇಳಿದರೆ ಹೆಚ್ಚುವರಿ ಖರ್ಚು ಸಾಮಾನ್ಯವಾಗಿ ಗಿರಾಕಿಯ ತಲೆಗೇ ಬರುತ್ತದೆ. ಕಂಪನಿಯ ಲೆಕ್ಕದಲ್ಲಿ ಹೋಗುವವರು ಜಿಎಸ್‌ಟಿ ಹಿಂಪಡೆಯಬಹುದೆಂದು ಭಾವಿಸುವ ಮುನ್ನ ಲೆಕ್ಕಪರಿಶೋಧಕರನ್ನು ಕೇಳಲಿ.

ಚುನಾವಣೆಯ ತಿಂಗಳಲ್ಲಿ ವಿಮಾನ, ಹೆಲಿಕಾಪ್ಟರ್‌ಗಳೆಲ್ಲ ಪಕ್ಷಗಳ ಪಾಲಾಗಿ ದರ ಏರುತ್ತದೆ. ಯಲಹಂಕದಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುವ ಫೆಬ್ರುವರಿಯಲ್ಲಿ, ಪ್ರದರ್ಶನದ ವೇಳೆ ಕೆಂಪೇಗೌಡ ನಿಲ್ದಾಣದ ಸಂಚಾರವೇ ಕೆಲವು ಗಂಟೆ ನಿಲ್ಲುತ್ತದೆ. ವಿದೇಶಕ್ಕೆ ಹೋಗುವವರು ಕಸ್ಟಮ್ಸ್, ವಲಸೆ ತಪಾಸಣೆ ಇರುವ ನಿಲ್ದಾಣದಿಂದಲೇ ಹೊರಡಬೇಕು, ದಾರಿಯ ದೇಶಗಳ ಅನುಮತಿಗೆ ದಿನಗಳು ಬೇಕು.

ಹೊರಡುವ ದಿನ

ಪ್ರಯಾಣಿಕರ ಹೆಸರು, ಗುರುತಿನ ಚೀಟಿಯ ವಿವರಗಳನ್ನು ಮೊದಲೇ ಕಳುಹಿಸಿ. ಕೊನೆಯ ಗಳಿಗೆಯಲ್ಲಿ ಭಾವಮೈದುನನನ್ನು ಹತ್ತಿಸಿಕೊಳ್ಳಲು ಇದು ಜೀಪಲ್ಲ. ಭದ್ರತಾ ತಪಾಸಣೆ ಇಲ್ಲಿಯೂ ಇದೆ, ಸರತಿ ಮಾತ್ರ ಇಲ್ಲ. ಅರ್ಧ ಗಂಟೆ ಮುಂಚೆ ತಲುಪಿದರೆ ಸಾಕಾಗುತ್ತದೆ. ತಡವಾದರೆ ವಿಮಾನ ಕಾಯುತ್ತದೆ ನಿಜ, ಆದರೆ ಪೈಲಟ್‌ಗಳ ಕರ್ತವ್ಯದ ಅವಧಿಗೆ ಮಿತಿಯಿದೆ. ಬೆಳಗಾವಿಯ ಸಭೆ ಎರಡು ಗಂಟೆ ಎಳೆದರೆ ರಾತ್ರಿ ಅಲ್ಲೇ ಉಳಿಯಬೇಕಾಗಬಹುದು.

ಹವಾಮಾನ ಸರಿಯಿಲ್ಲ ಎಂದು ಕ್ಯಾಪ್ಟನ್ ಹೇಳಿದರೆ ವಾದಿಸಬೇಡಿ. ಹಣ ಕೊಟ್ಟವರ ಒತ್ತಡ ಚಾರ್ಟರ್ ಹಾರಾಟದ ಹಳೆಯ ರೋಗ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ ಒಂದು ಮುಂಬೈಯಲ್ಲಿ ಜೋರು ಮಳೆಯ ನಡುವೆ ಇಳಿಯುವಾಗ ರನ್‌ವೇಯಿಂದ ಜಾರಿ ಮುರಿಯಿತು. ಎಂಟೂ ಮಂದಿ ಬದುಕಿ ಉಳಿದರು. ಡಿಸೆಂಬರ್, ಜನವರಿಯ ಮುಂಜಾನೆ ದೇವನಹಳ್ಳಿಯ ಮಂಜು ಎಷ್ಟು ದಟ್ಟವಿರುತ್ತದೆ ಎಂಬುದು ಬೆಂಗಳೂರಿಗರಿಗೆ ಗೊತ್ತೇ ಇದೆ. ಆ ತಿಂಗಳುಗಳಲ್ಲಿ ಮೊದಲ ಸಭೆಯನ್ನು ಹನ್ನೊಂದರ ನಂತರಕ್ಕೆ ಇಟ್ಟುಕೊಳ್ಳಿ.

ಮರಳಿದ ಮೇಲೆ ಅಂತಿಮ ಬಿಲ್ ಬರುತ್ತದೆ. ದರಪಟ್ಟಿಯಲ್ಲಿದ್ದದ್ದು ಅಂದಾಜು ಗಂಟೆಗಳು. ಬಿಲ್ ಆಗುವುದು ಬ್ಲಾಕ್ ಅವಧಿಗೆ, ಅಂದರೆ ಹೊರಡಲು ಚಕ್ರ ಉರುಳಿದ ಕ್ಷಣದಿಂದ ತಲುಪಿ ನಿಂತು ಚಕ್ರಕ್ಕೆ ತಡೆ ಇಡುವವರೆಗೆ. ದೊಡ್ಡ ನಿಲ್ದಾಣದಲ್ಲಿ ರನ್‌ವೇಗಾಗಿ ಸರತಿಯಲ್ಲಿ ನಿಂತ ಇಪ್ಪತ್ತು ನಿಮಿಷವೂ ಅದರಲ್ಲಿ ಸೇರಿರುತ್ತದೆ. ಪ್ರತಿ ಹಾರಾಟದ ಹೊರಟ, ತಲುಪಿದ ಸಮಯದ ದಾಖಲೆಯನ್ನು ಕೇಳಿ ಪಡೆದು, ಬಿಲ್ಲಿನ ಗಂಟೆಗಳೊಂದಿಗೆ ಹೋಲಿಸಿ, ಆಮೇಲೆ ಬಾಕಿ ಕೊಡಿ.