ಮೊಳಕೆ ರಾಗಿಯಿಂದ ಸಿಹಿ ಪಾಕ ತೆಗೆಯುವುದು ಹೇಗೆ?

ನಮ್ಮ ಹೊಸೂರು, ಡೆಂಕಣಿಕೋಟೆ ಕಡೆಯವರಿಗೆ ರಾಗಿ ಮಾಲ್ಟ್ ಹೊಸದಲ್ಲ. ಆದರೆ ಅದಕ್ಕೆ ಸಕ್ಕರೆ ಹಾಕಿಯೇ ಕುಡಿಯುತ್ತೇವೆ ಅಲ್ವಾ? ಮೊಳಕೆ ಬಂದ ರಾಗಿಯಲ್ಲಿ ಪಿಷ್ಟ ಒಡೆಯುವ ಕಿಣ್ವಗಳಿರುತ್ತವೆ, ಹದವಾದ ಬಿಸಿಯಲ್ಲಿ ಇಟ್ಟರೆ ರಾಗಿಯ ಪಿಷ್ಟವೇ ಸಕ್ಕರೆಯಾಗುತ್ತದೆ. ಬಿಯರ್ ಮಾಡುವವರು ಬಾರ್ಲಿಯಲ್ಲಿ ಮಾಡುವುದೂ ಇದನ್ನೇ. ಅವರು ಮುಂದೆ ಹುದುಗಿಸುತ್ತಾರೆ, ನಾವು ಪಾಕಕ್ಕೇ ನಿಲ್ಲಿಸೋಣ.

ರಾಗಿಯನ್ನು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಆಗಾಗ ನೀರು ಚಿಮುಕಿಸುತ್ತಾ 2–3 ದಿನ ಇಡಿ. ಚಳಿಗಾಲದಲ್ಲಿ ಇನ್ನೊಂದು ದಿನ ಬೇಕಾಗಬಹುದು. ಬೂಸಲು ಬಂದರೆ ಎಸೆಯಿರಿ. ಗರಿಗರಿಯಾಗುವವರೆಗೆ ಬಿಸಿಲಿಗೆ ಹಾಕಿ, ತಿಕ್ಕಿ, ಮೊರದಲ್ಲಿ ಕೇರಿದರೆ ಮೊಳಕೆಯ ಬೇರುಗಳೆಲ್ಲ ಹಾರಿಹೋಗುತ್ತವೆ.

ಇಲ್ಲಿ ಒಂದು ಮಾತು: ಹುರಿಯಬೇಡಿ. ನಾನು ಮೊದಲ ಸಲ ಘಮ ಬರಲಿ ಅಂತ ಬಾಣಲೆಯಲ್ಲಿ ಚೆನ್ನಾಗಿ ಹುರಿದೆ. ಎರಡು ಗಂಟೆ ಕಾದರೂ ಗಂಜಿ ಗಂಜಿಯಾಗಿಯೇ ಇತ್ತು, ಯಾಕೆಂದರೆ ಪಿಷ್ಟ ಒಡೆಯುವ ಕಿಣ್ವಗಳು ಬಾಣಲೆಯಲ್ಲೇ ಸತ್ತಿದ್ದವು.

ಇನ್ನು ಬೀಸುವುದು. ಬಾರ್ಲಿಗೆ ಗಟ್ಟಿ ಹೊಟ್ಟಿದೆ, ಅದಕ್ಕೇ ಬಿಯರ್ ಮಾಡುವವರು ಕಾಳನ್ನು ಒಡೆದು ಹೊಟ್ಟನ್ನು ಆದಷ್ಟು ಇಡಿಯಾಗಿ ಉಳಿಸುತ್ತಾರೆ, ಸೋಸುವಾಗ ಅದೇ ಜರಡಿ. ರಾಗಿಗೆ ಆ ಅನುಕೂಲ ಇಲ್ಲ. ತುಂಬಾ ನುಣ್ಣಗಾದರೆ ಬಟ್ಟೆ ಕಟ್ಟಿಕೊಂಡು ಹನಿಯೂ ಇಳಿಯಲ್ಲ, ಇಡೀ ಕಾಳು ಉಳಿದರೆ ಅದರೊಳಗಿನ ಪಿಷ್ಟ ಸುಮ್ನೆ ಹಾಳು. ಸಣ್ಣ ರವೆಯ ಹದ ಸಾಕು. ನನಗೆ ಬೀಸುಕಲ್ಲೇ ಇಷ್ಟ, ಕೈಗೆ ಹದ ಗೊತ್ತಾಗುತ್ತದೆ.

ಒಂದೂವರೆ ಲೀಟರ್ ನೀರಿಗೆ 200 ಗ್ರಾಂ ಮಾಮೂಲಿ ರಾಗಿ ಹಿಟ್ಟು ಹಾಕಿ ಚೆನ್ನಾಗಿ ಬೇಯಿಸಿ. ಬೇಯದ ಪಿಷ್ಟ ಸುಲಭಕ್ಕೆ ಒಡೆಯಲ್ಲ. ಒಲೆಯಿಂದ ಇಳಿಸಿ, ಗಂಜಿ ಆರುತ್ತಾ ಥರ್ಮಾಮೀಟರ್ 70 ಡಿಗ್ರಿಗೆ ಇಳಿದಾಗ, 150 ಗ್ರಾಂ ಮೊಳಕೆ ರವೆಯನ್ನು ಒಂದು ಲೋಟ ತಣ್ಣೀರಲ್ಲಿ ಕದಡಿ ಸೇರಿಸಿ. ಬಿಸಿ 64ರ ಆಸುಪಾಸಿಗೆ ಇಳಿಯುತ್ತದೆ. ಈಗ ಕೈಯಾಡಿಸುತ್ತಾ ನೋಡಿ. ಸೌಟಿಗೆ ಅಂಟಿಕೊಂಡು ದಪ್ಪಗೆ ಬೀಳುತ್ತಿದ್ದ ಗಂಜಿ ಕೆಲವೇ ನಿಮಿಷಗಳಲ್ಲಿ ಮಜ್ಜಿಗೆಯ ಹಾಗೆ ಹರಿಯತೊಡಗುತ್ತದೆ, ಎಷ್ಟು ಸಲ ಮಾಡಿದರೂ ನನಗೆ ಅದನ್ನು ನೋಡುವುದೇ ಖುಷಿ.

ತೆಳ್ಳಗಾಯಿತು ಅಂತ ಇಳಿಸಬೇಡಿ, ಸಿಹಿ ಬರುವುದು ಆಮೇಲೆ. ಹಾಟ್‌ಬಾಕ್ಸ್‌ಗೆ ಸುರಿದು, ಕಂಬಳಿ ಸುತ್ತಿ ಒಂದು ಗಂಟೆ ಬಿಡಿ. 60ಕ್ಕಿಂತ ಕೆಳಗೆ ಇಳಿದರೆ ಕೆಲಸ ನಿಧಾನ. 70 ದಾಟಿದರೆ ಸಿಹಿ ಕೊಡುವ ಕಿಣ್ವ ಬೇಗ ಸಾಯುತ್ತದೆ.

ಆಯಿತೋ ಇಲ್ಲವೋ ನೋಡಲು ಮೇಲಿನ ತಿಳಿಯನ್ನು ಮಾತ್ರ ಒಂದು ಚಮಚ ಬಿಳಿ ತಟ್ಟೆಗೆ ಹಾಕಿ, ಆರಿದ ಮೇಲೆ ಒಂದು ತೊಟ್ಟು ಟಿಂಚರ್ ಅಯೋಡಿನ್ ಬಿಡಿ. ಕಪ್ಪು ನೀಲಿ ಬಂದರೆ ಪಿಷ್ಟ ಇನ್ನೂ ಇದೆ, ಅರ್ಧ ಗಂಟೆ ಕಾಯಿರಿ. ಅಯೋಡಿನ್ನಿನ ಕಂದು ಬಣ್ಣವೇ ಉಳಿದರೆ ಮುಗಿಯಿತು. ತರಿ ಬಿದ್ದರೆ ಅದು ಕಪ್ಪಾಗಿ ದಾರಿ ತಪ್ಪಿಸುತ್ತದೆ. ತಟ್ಟೆಯಲ್ಲಿದ್ದುದನ್ನು ಚೆಲ್ಲಿಬಿಡಿ, ಪಾತ್ರೆಗೆ ಮತ್ತೆ ಹಾಕಬೇಡಿ.

ತೆಳು ಬಟ್ಟೆಯಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಜೋನಿಬೆಲ್ಲದ ಹದಕ್ಕೆ ಕುದಿಸಿ. ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲಬೇಡಿ, ಬೇಗ ತಳ ಹಿಡಿಯುತ್ತದೆ. ದೋಸೆಗೆ ಹಚ್ಚಿಕೊಂಡು ತಿನ್ನಿ. ಬಟ್ಟೆಯಲ್ಲಿ ಉಳಿದ ಚರಟ ಹಸುವಿಗೆ.